ಬೆಂಕಿಪೊಟ್ಟಣದ ಉಪ್ಪು

ನಮ್ಮ ರಟ್ಟಿನ ಡಬ್ಬದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವನಿಗೆ ಸೌಟಪ್ಪ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾನು ಇಲ್ಲಿ ಸ್ಟೋರ್ ಕೀಪರ್ ಆಗಿ ಸೇರುವ ಹೊತ್ತಿಗೇ ಆ ಹೆಸರು ಹಳತಾಗಿತ್ತು. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ.

ದಿನಕ್ಕೆ ಮುನ್ನೂರು ಜನರ ಊಟ. ಮೂರು ದೊಡ್ಡ ಹಂಡೆ, ಎರಡು ಒಲೆ, ಒಂದು ಸೌಟು. ಸೌಟಪ್ಪ ಜೀವಮಾನದಲ್ಲಿ ಏನನ್ನೂ ಅಳೆದವನಲ್ಲ. ಕುದಿಯುವ ಸೂಪಿನಿಂದ ಸೌಟಿನ ತುದಿಯಲ್ಲಿ ಒಂದಿಷ್ಟು ಎತ್ತಿ ಎಡ ಅಂಗೈಗೆ ಸುರಿದುಕೊಳ್ಳುತ್ತಿದ್ದ, ನೆಕ್ಕುತ್ತಿದ್ದ, ಚಾವಣಿ ನೋಡುತ್ತಿದ್ದ. "ಹ್ಞೂಂ" ಎಂದರೆ ಆಯಿತು. ಅನ್ನದಿದ್ದರೆ ಬಲಗೈ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ಅಷ್ಟು ಬಿಸಿ ಸುರಿದುಕೊಂಡು ಆ ಅಂಗೈ ಚಪ್ಪಲಿಯ ಅಟ್ಟೆಯ ಹಾಗೆ ಆಗಿಹೋಗಿತ್ತು. "ಅಳತೆ ಚಮಚ ಬೇಕಾದವರು ಔಷಧಿ ಅಂಗಡಿ ಇಟ್ಕೊಳ್ಳಲಿ" ಎನ್ನುತ್ತಿದ್ದ.

ಅವನಿಗಿದ್ದದ್ದು ಒಂದೇ ಜಂಬ. ಅವನ ಕ್ಯಾಂಟೀನಿನಲ್ಲಿ ಇಷ್ಟು ವರ್ಷ ಯಾರೂ ಉಪ್ಪು ಕೇಳಿರಲಿಲ್ಲ. ಒಬ್ಬ ಹೊಸ ಮ್ಯಾನೇಜರ್ ಬಂದವನು ಟೇಬಲ್ಲಿಗೊಂದರಂತೆ ಉಪ್ಪಿನ ಡಬ್ಬಿ ಇಡಿಸಿದ. ಸೌಟಪ್ಪ ಅವತ್ತೇ ಹನ್ನೆರಡೂ ಡಬ್ಬಿಗಳನ್ನು ಬುಟ್ಟಿಗೆ ತುಂಬಿಕೊಂಡು ನನ್ನ ಸ್ಟೋರಿಗೆ ಬಂದ. "ಇವನ್ನ ಒಳಗಿಡು. ನನ್ನ ಊಟದ ಮೇಲೆ ಯಾರೂ ಏನೂ ಉದುರಿಸ್ಬೇಕಾಗಿಲ್ಲ. ಇವು ಟೇಬಲ್ ಮೇಲೆ ಬಂದ ದಿನ ನಾನು ಈ ಗೇಟು ದಾಟಿ ಹೋಗಿರ್ತೀನಿ." ಮ್ಯಾನೇಜರ್ ವರ್ಷ ತುಂಬುವ ಮೊದಲೇ ಹೋದ. ಡಬ್ಬಿಗಳು ಮಾತ್ರ ಈಗಲೂ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿವೆ.

ಇನ್ನೊಂದು ವಿಷಯ. ಅವನು ಕೂತು ಉಂಡದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ನಾವು ಉಣ್ಣುವಾಗ ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದ. ಕೈಯಲ್ಲಿ ಒಂದು ಸಿಗರೇಟು. ಅದೇ ಅವನ ಮಧ್ಯಾಹ್ನದ ಊಟ.

ಅವತ್ತು ಬೆಳಿಗ್ಗೆ ಹತ್ತೂವರೆಗೆ ಈರುಳ್ಳಿ ಬೇಕೆಂದು ಸ್ಟೋರಿಗೆ ಬಂದವನು ಈರುಳ್ಳಿ ತೆಗೆದುಕೊಳ್ಳದೆ ಮೂಟೆಯ ಮೇಲೆ ಕೂತುಬಿಟ್ಟ. ಹಣೆಯಿಂದ ಬೆವರು ಇಳಿಯುತ್ತಿತ್ತು. ಬಲಗೈಯಿಂದ ಎಡ ಭುಜ ಒತ್ತಿಕೊಳ್ಳುತ್ತಿದ್ದ.

"ಎದೆ ಮೇಲೆ ಹಂಡೆ ಇಟ್ಟ ಹಾಗಿದೆ ಕಣಯ್ಯ" ಎಂದ.

"ಗ್ಯಾಸು" ಎಂದೆ ನಾನು. "ಬೆಳಿಗ್ಗೆಯಿಂದ ಬರೀ ಟೀ, ಸಿಗರೇಟು. ಇನ್ನೇನಾಗುತ್ತೆ? ಇರು, ಸೋಡಾ ತರ್ತೀನಿ."

ನಾನೇ ಗೇಟಿನ ಎದುರಿನ ಅಂಗಡಿಗೆ ಹೋಗಿ ಸೋಡಾ ತಂದೆ. ಅವನು ಒಂದೇ ಗುಟುಕಿಗೆ ಕುಡಿದು ಇಡೀ ಸ್ಟೋರಿಗೆ ಕೇಳುವ ಹಾಗೆ ತೇಗಿದ. ಇಬ್ಬರೂ ನಕ್ಕೆವು. ಆ ತೇಗು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ವೈದ್ಯಕೀಯ ಓದದೇ ಹೋದದ್ದು ಲೋಕಕ್ಕೇ ನಷ್ಟ ಎನಿಸಿತು. ಸೌಟಪ್ಪ ಈರುಳ್ಳಿ ಹೊತ್ತುಕೊಂಡು ಹೋದ, ಹೆಚ್ಚಿದ, ಒಗ್ಗರಣೆ ಹಾಕಿದ, ಹನ್ನೆರಡೂವರೆಗೆ ಗಂಟೆ ಹೊಡೆದು ಮುನ್ನೂರು ಜನಕ್ಕೂ ಬಡಿಸಿದ. ಒಂದೂವರೆಗೆ, ಕೊನೆಯ ತಟ್ಟೆ ಎತ್ತಿದ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಕುಸಿದ. ಅಲ್ಲಿದ್ದವಳು ಪಾತ್ರೆಯಕ್ಕ, ಹದಿನೈದು ವರ್ಷದಿಂದ ಅವನ ಹಂಡೆಗಳನ್ನು ತಿಕ್ಕುತ್ತಿರುವ ಹೆಂಗಸು. ಅವಳೇ ಸಾಬೂನಿನ ಕೈಯಲ್ಲಿ ಅವನ ತಲೆ ನೆಲಕ್ಕೆ ಬಡಿಯದ ಹಾಗೆ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ ಪ್ರಶ್ನೆ, "ಮೂರು ಗಂಟೆ ಹೊತ್ತು ಏನ್ ಮಾಡ್ತಿದ್ರಿ?"

"ಬಡಿಸ್ತಿದ್ದೆ" ಎಂದನಂತೆ.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಅತ್ತಿಗೆಗೆ, ಅಂದರೆ ಅವನ ಹೆಂಡತಿಗೆ, ಹೇಳಿದರು. ಅತ್ತಿಗೆ ಅದನ್ನು ಆಸ್ಪತ್ರೆಯ ವರಾಂಡದಲ್ಲಿ ನನಗೆ ಹೇಳಿದಳು. ಸೋಡಾ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ವರಾಂಡದಲ್ಲಿ ನನಗೆ ಆದಷ್ಟು ನಾಚಿಕೆ ಮತ್ತೆಲ್ಲೂ ಆಗಿಲ್ಲ.

ಬಿಡುಗಡೆಯ ದಿನ ಪಥ್ಯ ಹೇಳುವ ಮೇಡಂ ಒಂದು ಹಾಳೆ ಹಿಡಿದು ಬಂದರು. ದಿನಕ್ಕೆ ಎಷ್ಟು ಸಲ ಊಟ ಎಂದು ಕೇಳಿದ್ದಕ್ಕೆ ಸೌಟಪ್ಪ, "ಒಂದೇ ಸಲ ಮೇಡಂ. ಮನೆಗೆ ಹೋಗಿ ನಾಲ್ಕು ಗಂಟೆಗೆ" ಎಂದ.

"ರೀ, ಸುಳ್ಳು ಹೇಳ್ಬೇಡಿ" ಎಂದಳು ಅತ್ತಿಗೆ. "ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗೈ ನೆಕ್ತಾ ಇರ್ತೀರಲ್ಲ, ಅದು ಊಟ ಅಲ್ವಾ?"

"ಅದು ರುಚಿ ನೋಡೋದು ಕಣೇ. ಅದು ಕೆಲಸ."

ಮೇಡಂ ಪೆನ್ನು ತೆಗೆದರು. ಒಂದು ಹಂಡೆಗೆ ಎಷ್ಟು ಸಲ, ಎಷ್ಟು ಹಂಡೆ, ಒಂದು ಸಲ ನೆಕ್ಕಿದರೆ ಎಷ್ಟು ಚಮಚ. ಕೂಡಿಸಿ ನೋಡಿದರೆ ದಿನಕ್ಕೆ ಎರಡು ದೊಡ್ಡ ಲೋಟ ಸೂಪು, ಅದರಲ್ಲಿನ ಎಣ್ಣೆ ಬೇರೆ, ಇಡೀ ದಿನಕ್ಕೆ ಒಬ್ಬ ಮನುಷ್ಯ ತಿನ್ನಬೇಕಾದಷ್ಟು ಉಪ್ಪು ಬೇರೆ. ಮನೆಯ ಊಟ ಇದರ ಮೇಲೆ. ಸೌಟಪ್ಪ ಆ ಹಾಳೆಯನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡ. ಇಪ್ಪತ್ತಾರು ವರ್ಷ ನಾನು ಉಪವಾಸ ಇದ್ದೀನಿ ಅಂದ್ಕೊಂಡಿದ್ದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದ.

ಆರು ವಾರ ರಜೆ. ಅವನು ಹಟದ ಮನುಷ್ಯ, ಅದು ಈ ಸಲ ಉಪಯೋಗಕ್ಕೆ ಬಂತು. ಸಿಗರೇಟು ಆಸ್ಪತ್ರೆಯ ಗೇಟಿನಲ್ಲೇ ಬಿಟ್ಟ. ಬೆಳಿಗ್ಗೆ ಸಂಜೆ ನಡಿಗೆ, ಮೊದಲು ಬೀದಿಯ ತುದಿಯವರೆಗೆ, ಆಮೇಲೆ ಬಸ್ ನಿಲ್ದಾಣದವರೆಗೆ, ಕೊನೆಗೆ ನೀರಿನ ಟ್ಯಾಂಕು ಸುತ್ತಿ ವಾಪಸು. ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಅತ್ತಿಗೆ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಅವನಿಗೊಂದು ತನಗೊಂದು ಎಂದು ಬೇರೆ ಬೇರೆ ಬೇಯಿಸಲಿಲ್ಲ. ತಾನೂ ಅದನ್ನೇ ತಿಂದಳು.

ಮೊದಲ ವಾರ ನೋಡಲು ಹೋದಾಗ, "ಗೋಡೆ ಸುಣ್ಣ ನೆಕ್ಕಿದ ಹಾಗಿದೆ" ಎಂದು ಮುಖ ಗಂಟು ಹಾಕಿಕೊಂಡು ಕೂತಿದ್ದ. ಐದನೆಯ ವಾರ ಹೋದಾಗ ಅವನ ಮುಖದಲ್ಲಿ ಬೇರೆಯೇ ಕಳೆ ಇತ್ತು. "ಕ್ಯಾರೆಟ್ಟು ಇಷ್ಟು ಸಿಹಿ ಅಂತ ನನಗೆ ಐವತ್ತನಾಲ್ಕನೇ ವಯಸ್ಸಿಗೆ ಗೊತ್ತಾಯ್ತು ನೋಡು. ಬೀನ್ಸಿಗೂ ಅದರದ್ದೇ ಒಂದು ರುಚಿ ಇದೆ ಕಣಯ್ಯ!" ನಾನು ಖುಷಿಯಿಂದ ತಲೆ ಆಡಿಸಿದೆ. ದಡ್ಡ ನಾನು. ಆ ಮಾತಿನ ಅರ್ಥ ಅಲ್ಲೇ ಹೊಳೆಯಬೇಕಾಗಿತ್ತು.

ಆ ಆರು ವಾರ ನಮಗೆ ಅಡುಗೆ ಮಾಡಿದವನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪಾಪ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಸೋಮವಾರ ಸೌಟಪ್ಪ ಬರುತ್ತಾನೆ ಎಂದು ತಿಳಿದಾಗ ಯಂತ್ರದವರು, ಪ್ಯಾಕಿಂಗಿನ ಹೆಂಗಸರು, ಲಾರಿ ಡ್ರೈವರುಗಳು ಎಲ್ಲರೂ ಗಂಟೆ ಹೊಡೆಯುವ ಮೊದಲೇ ಬಂದು ಸಾಲು ನಿಂತರು. ಸಾಲಿನಲ್ಲಿ ಮೊದಲನೆಯವನು ನಾನು. ಅವನು ಒಂಬತ್ತು ಕಿಲೋ ಇಳಿದಿದ್ದ, ಏಪ್ರನ್ನಿನ ದಾರ ಎರಡು ಸುತ್ತು ಬಂದಿತ್ತು. ಬಡಿಸಿ ಮುಗಿಸಿ ಚೌಕಟ್ಟಿಗೆ ಒರಗಿ ನಿಂತ, ಸಿಗರೇಟಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಮುಖವನ್ನೇ ನೋಡಿದ.

ನಾನು ಒಂದು ಚಮಚ ಸೂಪು ಬಾಯಿಗಿಟ್ಟೆ. ಬಿಸಿನೀರು. ಬಣ್ಣವಿತ್ತು, ಪರಿಮಳವಿತ್ತು, ತರಕಾರಿ ಹದವಾಗಿ ಬೆಂದಿತ್ತು. ಉಪ್ಪು ಮಾತ್ರ ಆ ದಾರಿಯಲ್ಲಿ ಸುಳಿದಿರಲಿಲ್ಲ.

ಹೇಳಬಹುದಾಗಿತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಆ ಈರುಳ್ಳಿ ಮೂಟೆ, ಆ ಸೋಡಾ ಬಾಟಲಿ. ಈಗ ತಾನೇ ಎದ್ದು ಬಂದವನ ಎದೆಗೆ ನಾನು ಮತ್ತೊಮ್ಮೆ ಏನಾದರೂ ಮಾಡಿಬಿಟ್ಟರೆ?

"ಭೇಷ್!" ಎಂದೆ. "ಇಷ್ಟು ದಿನ ನಾವು ಸತ್ತೇ ಹೋಗಿದ್ವಿ ಕಣೋ."

ಸುತ್ತ ಕೂತಿದ್ದವರು ನನ್ನನ್ನು ನೋಡಿದರು, ತಮ್ಮ ತಟ್ಟೆ ನೋಡಿದರು, ಅವರೂ "ಭೇಷ್" ಎಂದರು. ಹಾಗೆ ಮುನ್ನೂರು ಜನ.

ಮಾರನೆಯ ದಿನದಿಂದ ಜೇಬುಗಳಲ್ಲಿ ಉಪ್ಪು ಬರತೊಡಗಿತು. ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ನಾನು ಕಾಗದದ ಪೊಟ್ಟಣದಲ್ಲಿ ತಂದೆ. ಪ್ಯಾಕಿಂಗಿನ ಹೆಂಗಸರು ಹಳೆಯ ಮಾತ್ರೆ ಬಾಟಲಿಗೆ ತುಂಬಿಕೊಂಡು ಒಂದು ಟೇಬಲ್ಲಿಗೆ ಒಂದು ಎಂದು ಹಂಚಿಕೊಂಡರು. ಯಂತ್ರದವರದ್ದು ಬೆಂಕಿಪೊಟ್ಟಣ. ಸೌಟಪ್ಪ ಹಂಡೆ ಕೆರೆಯಲು ತಿರುಗಿದ ತಕ್ಷಣ ಟೇಬಲ್ ಕೆಳಗೆ ಕೈಗಳು ಓಡಾಡುತ್ತಿದ್ದವು, ಪರೀಕ್ಷೆಯಲ್ಲಿ ಚೀಟಿ ದಾಟಿಸುವ ಹಾಗೆ. ಅವನು ತಿರುಗಿದರೆ ಎಲ್ಲರದ್ದೂ ಹಲ್ಲು ಕಿರಿದ ಮುಖ. ಅವಸರದಲ್ಲಿ ಸುರಿದುಕೊಳ್ಳುವುದರಿಂದ ಕೈ ತಪ್ಪಿ ಜಾಸ್ತಿಯೇ ಬೀಳುತ್ತಿತ್ತು. ಮೊದಲು ತಿನ್ನುತ್ತಿದ್ದುದಕ್ಕಿಂತ ಹೆಚ್ಚು ಉಪ್ಪನ್ನು ಆ ದಿನಗಳಲ್ಲಿ ನಾವು ತಿಂದೆವು.

ಅಸಲು ಸಂಗತಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಈಗ ಹಂಡೆಗೆ ಒಂದೇ ಸಲ ರುಚಿ ನೋಡುತ್ತಿದ್ದ ಅವನ ನಾಲಿಗೆ ಪಥ್ಯಕ್ಕೆ ಒಗ್ಗಿಹೋಗಿ, ಅದಕ್ಕೆ ಚಿಟಿಕೆ ಉಪ್ಪೇ ಸಾಕೆನಿಸುತ್ತಿತ್ತು. ಹದಿನೈದು ದಿನಕ್ಕೊಂದು ಮೂಟೆ ಉಪ್ಪು ಒಯ್ಯುತ್ತಿದ್ದ ಕ್ಯಾಂಟೀನು ಎರಡು ತಿಂಗಳಾದರೂ ಒಂದು ಮೂಟೆ ಮುಗಿಸಿರಲಿಲ್ಲ. ಹೋದ ವಾರ ಹೇಳಬೇಕಿತ್ತು, ಈ ವಾರ ಹೇಳುತ್ತೇನೆ, ಮುಂದಿನ ವಾರ ಅವನ ಚೆಕಪ್ ಮುಗಿಯಲಿ ಎಂದು ದಿನ ದೂಡಿದೆ. ಅವನು ಮಾತ್ರ ಆರಾಮಾಗಿದ್ದ. ಮಧ್ಯಾಹ್ನ ಕೆಲಸ ಮುಗಿಸಿ ಕಾಂಪೌಂಡಿನ ಸುತ್ತ ಎಂಟು ಸುತ್ತು ನಡೆಯುತ್ತಿದ್ದ. ಕಿಟಕಿಯಿಂದ ಯಾರಾದರೂ "ಆರೇ ಆಗಿದ್ದು ಸೌಟಪ್ಪಾ, ಮೋಸ ಮಾಡ್ಬೇಡ" ಎಂದು ಕೂಗಿದರೆ "ನಿಮ್ಮಪ್ಪನ್ನ ಕೇಳು, ಏಳಾಗಿದೆ" ಎಂದು ಕೂಗಿ ಹೇಳುತ್ತಿದ್ದ. ಚೆಕಪ್ಪಿನಲ್ಲಿ ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದರು. ಪಥ್ಯದ ಮೇಡಂ ಹೇಳಿದ್ದರಲ್ಲಿ ಅವನು ಪಾಲಿಸದೆ ಉಳಿದದ್ದು ಒಂದೇ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಕೂತು ಉಣ್ಣುವುದು. ಅತ್ತಿಗೆ ದಿನಾ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು, ಅದು ಹಾಗೇ ವಾಪಸು ಹೋಗಿ ನಾಲ್ಕು ಗಂಟೆಗೆ ಮನೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಡುಗೆಯವನು ಬಡಿಸುವ ಹೊತ್ತಿನಲ್ಲಿ ಕೂತರೆ ಹಂಡೆಗೆ ಅವಮಾನ ಎನ್ನುವುದು ಅವನ ಲೆಕ್ಕಾಚಾರ.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಒಲೆಯ ಲೈಟರ್ ಕೆಟ್ಟಿತು. ಸಿಗರೇಟು ಬಿಟ್ಟವನ ಜೇಬಿನಲ್ಲಿ ಬೆಂಕಿಪೊಟ್ಟಣ ಎಲ್ಲಿಂದ ಬರಬೇಕು? ಸುತ್ತ ನೋಡಿದ. ಯಂತ್ರದವರ ಟೇಬಲ್ಲಿನ ಕೆಳಗೆ, ಕಾಲಿನ ಅಡ್ಡಪಟ್ಟಿಯ ಮೇಲೆ, ಹಿಂದಿನ ದಿನ ಯಾರೋ ಮರೆತು ಹೋದ ಪೊಟ್ಟಣವಿತ್ತು. ತಂದು ಗ್ಯಾಸು ತಿರುಗಿಸಿ ಕಡ್ಡಿಗೆಂದು ಬೆರಳು ಹಾಕಿದ. ಬೆರಳಿಗೆ ಉಪ್ಪು ಹತ್ತಿತು.

ಪಾತ್ರೆಯಕ್ಕ ಅಲ್ಲೇ ಇದ್ದಳು. ಅವಳು ಹೇಳಿದ ಪ್ರಕಾರ ಅವನು ಮೊದಲು ಗ್ಯಾಸು ಆರಿಸಿದ. ಬೆರಳು ನೆಕ್ಕಿ ನೋಡಿದ. ಆಮೇಲೆ ಒಂದೊಂದೇ ಟೇಬಲ್ಲಿನ ಕೆಳಗೆ ಬಗ್ಗಿ ನೋಡುತ್ತ ಹೋದ. ಪ್ಯಾಕಿಂಗಿನವರ ಟೇಬಲ್ಲಿನ ಕೆಳಗೆ ಮಾತ್ರೆ ಬಾಟಲಿ ಸಿಕ್ಕಿತು. ಕೈಯಾಡಿಸಿದರೆ ಹಲಗೆಗಳ ಸಂದಿಯಲ್ಲೆಲ್ಲ ಹರಳು.

"ಎಷ್ಟು ದಿನದಿಂದ?" ಎಂದು ಅವಳನ್ನು ಕೇಳಿದ.

"ನೀವು ವಾಪಸ್ ಬಂದಾಗಿನಿಂದ ಅಣ್ಣಾ" ಎಂದಳು ಅವಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ, ಯಾರೂ ಕೇಳಿರಲಿಲ್ಲವಾದ್ದರಿಂದ ಸುಮ್ಮನಿದ್ದಳು ಅಷ್ಟೇ. "ನಿಮ್ಗೆ ಹೇಳಿದ್ರೆ ಮತ್ತೆ ಎದೆಗೆ ಏನಾದ್ರೂ ಆಗುತ್ತೆ ಅಂತ ಎಲ್ರಿಗೂ ಭಯ."

ಅವನು ಸೀದಾ ಸ್ಟೋರಿಗೆ ಬಂದು ಬೆಂಕಿಪೊಟ್ಟಣವನ್ನು ನನ್ನ ಮೇಜಿನ ಮೇಲೆ ಇಟ್ಟ.

"ಮೊದಲು ಭೇಷ್ ಅಂದವನು ನೀನು" ಎಂದ.

"ಹೌದು."

"ಮುನ್ನೂರು ಜನಕ್ಕೆ ಎರಡು ತಿಂಗಳು ಬಿಸಿನೀರು ಕುಡಿಸಿದೀನಿ. ನಾನು ಬಾಗಿಲಲ್ಲಿ ನಿಂತು ಹಲ್ಲು ಬಿಡ್ತಾ ಇದ್ದೆ. ಎಲ್ರೂ ನನ್ನ ನೋಡಿ ಅಯ್ಯೋ ಪಾಪ ಅಂದ್ಕೊಂಡು ತಿಂತಿದ್ರಿ."

"ಹಾಗಲ್ಲ ಕಣೋ..."

"ಹಾಗೇ. ಅಯ್ಯೋ ಪಾಪ ಅನ್ನಿಸ್ಕೊಂಡು ಸೌಟು ಹಿಡಿಯೋದಕ್ಕಿಂತ ಅವತ್ತು ಆ ತೊಟ್ಟಿ ಹತ್ರಾನೇ ಹೋಗಿದ್ರೆ ಚೆನ್ನಾಗಿರ್ತಿತ್ತು."

ಆಡಬಾರದ ಮಾತೇ ನನ್ನ ಬಾಯಿಗೆ ಬಂತು. "ಆ ಹನ್ನೆರಡು ಡಬ್ಬಿ ಇವೆ, ಟೇಬಲ್ ಮೇಲೆ ಇಟ್ಬಿಡೋಣ..."

ಅವನು ಒಮ್ಮೆ ಮೇಲಿನ ಹಲಗೆ ನೋಡಿದ. "ಇಡು. ಇಟ್ಟು, ನನ್ನ ಲೆಕ್ಕ ಚುಕ್ತಾ ಮಾಡಿಸು." ಆಮೇಲೆ ದನಿ ತಗ್ಗಿಸಿದ. "ಇಲ್ಲಾಂದ್ರೆ ಇನ್ನೊಂದು ಮಾಡು. ಒಂದು ಪ್ಯಾಕೆಟ್ ಉಪ್ಪು ಕೊಡು. ಕ್ಯಾಂಟೀನಿಗಲ್ಲ, ನನಗೆ. ಮನೇಲಿ ಸಿಗಲ್ಲ. ಇಲ್ಲೇ ಇಟ್ಕೊಂಡು ದಿನಾ ತಿಂತೀನಿ. ಹೋದ ನಾಲಿಗೆ ಒಂದು ತಿಂಗಳಲ್ಲಿ ವಾಪಸ್ ಬರುತ್ತೆ. ಬಂದ ಮೇಲೆ ಬಿಡ್ತೀನಿ."

"ಬಿಡೋದು? ಬಿಟ್ರೆ ಮತ್ತೆ ಹೋಗುತ್ತಲ್ಲೋ!"

"ಬಿಡಲ್ಲ, ಆಯ್ತಾ?" ಎಂದು ಗುಡುಗಿದ. "ಈ ನಾಲಿಗೆ ಇಲ್ದೆ ನಾನು ಯಾರು ಹೇಳು! ಬೀನ್ಸು ರುಚಿ ಕಟ್ಕೊಂಡು ನಾನೇನು ಮಾಡ್ಲಿ!"

ಉಪ್ಪಿನ ಮೂಟೆ ಅವನ ಕಾಲ ಬಳಿಯೇ ಇತ್ತು. ಬಗ್ಗಿ ಒಂದು ಹಿಡಿ ತೆಗೆದುಕೊಂಡಿದ್ದರೂ ನಾನೇನು ಮಾಡಬಹುದಿತ್ತು? ಆದರೆ ನಾನು ಕೊಡದ ಸಾಮಾನನ್ನು ಅವನು ಈ ಸ್ಟೋರಿನಿಂದ ಎಂದೂ ಎತ್ತಿದವನಲ್ಲ. ಕೊಡು ಎಂದು ಕೈ ಚಾಚಿ ನಿಂತ.

"ಕೊಡಲ್ಲ" ಎಂದೆ. "ಏನಾದ್ರೂ ಬೈಕೋ. ಅತ್ತಿಗೆಗೆ ಫೋನ್ ಮಾಡ್ತೀನಿ ಬೇಕಾದ್ರೆ. ನೀನು ಸಾಯೋದಕ್ಕೆ ಸಾಮಾನು ನನ್ನ ಕೈಯಿಂದ ಹೋಗಲ್ಲ."

"ಅವತ್ತು ಸೋಡಾ ತಂದ್ಕೊಟ್ಟಿದ್ದು ಯಾರ ಕೈ?"

ಅಂದೇಬಿಟ್ಟ. ಮೂರೂವರೆ ತಿಂಗಳಿಂದ ಅವನು ಆ ಮಾತು ಎತ್ತಿರಲಿಲ್ಲ. ಮರೆತಿದ್ದಾನೆ ಎಂದುಕೊಂಡು ನಾನು ನಿದ್ದೆ ಮಾಡುತ್ತಿದ್ದೆ.

"ನನ್ನದೇ" ಎಂದೆ. "ಆ ಭಯಕ್ಕೇ ನಿನಗೆ ಸುಳ್ಳು ಹೇಳಿದೆ. ಸೂಪು ಸಪ್ಪೆ ಇತ್ತು, ಮೊದಲ ದಿನದಿಂದ ಸಪ್ಪೆ ಇತ್ತು, ನಿನ್ನೇನೂ ಸಪ್ಪೆ ಇತ್ತು. ನಿನ್ನ ನಾಲಿಗೆ ಹೋಗಿದೆ ಕಣೋ, ಅದು ಹೋಗಿದ್ದಕ್ಕೇ ನೀನು ಉಳಿದಿದೀಯ. ಉಪ್ಪು ಕೊಡಲ್ಲ."

ಅವನು ಈರುಳ್ಳಿ ಮೂಟೆಯ ಮೇಲೆ ಕೂತ, ಅವತ್ತು ಕೂತ ಜಾಗದಲ್ಲೇ. ಬಹಳ ಹೊತ್ತು ಎಡ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು, ನನ್ನದೂ. ಹನ್ನೊಂದು ಹೊಡೆದಾಗ ಎದ್ದು, "ತಕ್ಕಡಿ ಇದೆಯಾ? ಸಣ್ಣದು" ಎಂದ.

ತಕ್ಕಡಿ ಕೊಟ್ಟೆ. ಅಂಚೆ ತೂಗಲು ಇಟ್ಟಿದ್ದದ್ದು.

ಆಮೇಲೆ ನಡೆದದ್ದನ್ನು ನಾನು ಕ್ಯಾಂಟೀನಿನ ಕಿಟಕಿಯಲ್ಲಿ ನಿಂತು ನೋಡಿದೆ, ನಾಚಿಕೆ ಬಿಟ್ಟು. ಸೂಪು ಕುದಿಯಿತು. ಸೌಟಪ್ಪ ಸೌಟಿನ ತುದಿಯಲ್ಲಿ ಎತ್ತಿದ. ಎಡಗೈ ತಾನಾಗಿಯೇ ಮುಂದೆ ಬಂತು. ಅದನ್ನು ಹಿಂದಕ್ಕೆಳೆದು ಏಪ್ರನ್ನಿಗೆ ಒರೆಸಿಕೊಂಡ.

"ಅಕ್ಕಾ, ಇಲ್ಲಿ ಬಾ" ಎಂದ. "ಹದಿನೈದು ವರ್ಷ ನನ್ನ ಹಂಡೆ ತಳದಲ್ಲಿ ಉಳಿದಿದ್ದನ್ನ ಉಂಡಿದೀಯ. ಹೇಗಿರ್ತಿತ್ತು ಅಂತ ಜ್ಞಾಪಕ ಇದೆಯಾ?"

"ಇಲ್ದೆ ಏನು?" ಎಂದಳು ಪಾತ್ರೆಯಕ್ಕ.

"ಕೈ ಹಿಡಿ."

ಅವಳು ಸೀರೆಗೆ ಕೈ ಒರೆಸಿ ಚಾಚಿದಳು. ಅವನು ಊದಿ ಆರಿಸಿ ಅವಳ ಅಂಗೈಗೆ ಸುರಿದ. ಅವಳು ನೆಕ್ಕಿ, ಅವನ ಹಾಗೆಯೇ ಚಾವಣಿ ನೋಡಿ, "ಊಹೂಂ, ಇನ್ನೊಂದು ಹಿಡಿ" ಎಂದಳು. ಅವನು ಹಿಡಿಯನ್ನು ತಕ್ಕಡಿಗೆ ಹಾಕಿ ತೂಗಿ ಹಂಡೆಗೆ ಸುರಿದು, ಒಲೆಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದ. ಹಾಗೆ ನಾಲ್ಕು ಸಲ. ಇಪ್ಪತ್ತಾರು ವರ್ಷದಲ್ಲಿ ಆ ಗೋಡೆಯ ಮೇಲೆ ಬಿದ್ದ ಮೊದಲ ಅಂಕಿಗಳು ಅವು.

ಹನ್ನೆರಡೂವರೆಗೆ ಗಂಟೆ ಹೊಡೆಯಿತು. ಬಡಿಸುವುದು ಮುಗಿಯಿತು. ಯಾರ ಕೈಯೂ ಜೇಬಿಗೆ ಹೋಗಲಿಲ್ಲ, ಸುದ್ದಿ ಅಷ್ಟರಲ್ಲಿ ಎಲ್ಲ ವಿಭಾಗಗಳಿಗೂ ಮುಟ್ಟಿತ್ತು. ಸೌಟಪ್ಪ ಚೌಕಟ್ಟಿಗೆ ಒರಗಲಿಲ್ಲ. ಎರಡು ಟೇಬಲ್ಲುಗಳ ನಡುವೆ ಬಂದು ನಿಂತು, ಹಿಂದೆಂದೂ ಕೇಳದ ಪ್ರಶ್ನೆಯನ್ನು ನನ್ನನ್ನು ಕೇಳಿದ.

"ಉಪ್ಪು ಸರಿ ಇದೆಯಾ?"

ಮುನ್ನೂರು ಜನ ನನ್ನ ಬಾಯಿ ನೋಡುತ್ತಿದ್ದರು. ಎದುರಿಗೆ ಕೂತಿದ್ದ ಲಾರಿ ಡ್ರೈವರು ಟೇಬಲ್ ಕೆಳಗೆ ನನ್ನ ಕಾಲು ತುಳಿದ, ಭೇಷ್ ಅನ್ನು ಎಂದು. ನಾನು ಇನ್ನೊಂದು ಚಮಚ ಕುಡಿದು ನೋಡಿದೆ.

"ಒಂಚೂರು ಜಾಸ್ತಿ ಆಯ್ತು" ಎಂದೆ.

ಸೌಟಪ್ಪ ಒಳಗೆ ಹೋದ. ಗೋಡೆಯ ಮೇಲಿನ ಕೊನೆಯ ಅಂಕಿಯನ್ನು ಬೆರಳಿನಿಂದ ಅಳಿಸಿ, ಅದಕ್ಕಿಂತ ಚಿಕ್ಕದೊಂದನ್ನು ಬರೆದ. ವಾಪಸು ಬರುವಾಗ ಕೈಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ಡಬ್ಬಿ ಇತ್ತು. ಡ್ರೈವರಿಗೆ "ಸರಿ ಅತ್ಲಾಗೆ" ಎಂದು ಹೇಳಿ ನನ್ನ ಎದುರು ಬೆಂಚಿನ ಮೇಲೆ ಕೂತ. ಏಪ್ರನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಡಬ್ಬಿಯಲ್ಲಿ ಬೇಯಿಸಿದ ಬೀನ್ಸು, ಕ್ಯಾರೆಟ್ಟು, ಎರಡು ಹೋಳು ಬ್ರೆಡ್ಡು. ಅವನು ಅವಸರವಿಲ್ಲದೆ ಅಗಿದು ತಿನ್ನತೊಡಗಿದ. ಹತ್ತೊಂಬತ್ತು ವರ್ಷದಿಂದ ನನಗೆ ಬಡಿಸುತ್ತಿದ್ದ ಮನುಷ್ಯ ಉಣ್ಣುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಸ್ವಲ್ಪ ಹೊತ್ತಿನ ಮೇಲೆ ಡಬ್ಬಿಯನ್ನು ನನ್ನ ಕಡೆ ಸರಿಸಿ, "ತಗೋ, ನೋಡು" ಎಂದ.

ಒಂದು ತುಂಡು ಕ್ಯಾರೆಟ್ಟು ತೆಗೆದು ಬಾಯಿಗೆ ಹಾಕಿಕೊಂಡೆ.

"ಹೇಗಿದೆ?"

"ಸಪ್ಪೆ" ಎಂದೆ.

"ನನಗೆ ಸರಿಯಾಗಿದೆ" ಎಂದು ಅವನು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.